ಇಪ್ಪತ್ತಾರಕ್ಕೆ ನಿಮ್ಮ ಹುಡುಗ ಯಾರು?

ನವೆಂಬರ್ 20, 2022. ಭಾನುವಾರ

ಮೂವತ್ತಾರು ವರ್ಷದಿಂದ ಯಾವ ಮಾತಿಗಾಗಿ ಕಾದಿದ್ದೆನೋ ಆ ಮಾತನ್ನು ಅನಂತರಾಜು ಇವತ್ತು ಆಡಿದರು. ಗೇಟಿನ ಹತ್ತಿರವೇ ನಿಂತು, ಚಪ್ಪಲಿಯನ್ನೂ ಬಿಡದೆ, "ಅತ್ತಿಗೆ, ಈ ಸಲ ವರ್ಲ್ಡ್ ಕಪ್ಪು ಗಯಾಸ್ ಮನೇಲಿ ನೋಡ್ಕೋತೀವಿ, ನಿಮಗ್ಯಾಕೆ ತೊಂದ್ರೆ" ಅಂದರು. ಪಕ್ಕದಲ್ಲಿ ಗಯಾಸ್ ನೆಲ ನೋಡುತ್ತಾ ನಿಂತಿದ್ದರು.

ನನಗೆ ಸಂತೋಷವಾಗಬೇಕಿತ್ತು. ಎಂಬತ್ತಾರರಲ್ಲಿ ಮದುವೆಯಾಗಿ ಸಂಜಯನಗರದ ಈ ಮನೆಗೆ ಬಂದು ಇನ್ನೂ ಅರಿಸಿನದ ಬಣ್ಣ ಹೋಗಿರಲಿಲ್ಲ, ಹಾಲಿನ ತುಂಬ ಬೀದಿಯ ಗಂಡಸರು, ಕಪ್ಪುಬಿಳುಪು ಟಿವಿ, ಹಂಡೆಗಟ್ಟಲೆ ಕಾಫಿ. ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಆಮೇಲೆ ನಾಲ್ಕು ವರ್ಷಕ್ಕೊಮ್ಮೆ ಅದೇ ಪೂಜೆ. ಬರುತ್ತಾ ಬರುತ್ತಾ ಗುಂಪು ಕರಗಿ ಕೊನೆಗೆ ಮೂವರು ಉಳಿದರು. ನಮ್ಮ ಮನೆಯವರು ಸೇತುರಾಮ, ಇವರ ಜೊತೆ ಜಾಲಹಳ್ಳಿಯ ಕಾರ್ಖಾನೆ ತಂಡದಲ್ಲಿ ಆಡುತ್ತಿದ್ದ ಕೋಗಿಲಿನ ಅನಂತರಾಜು, ಆರ್.ಟಿ. ನಗರದ ಗಯಾಸ್. ಈ ಹಾಳು ಫುಟ್‌ಬಾಲು ನಮ್ಮ ಮನೆಯಿಂದ ತೊಲಗಲಿ ಅಂತ ನಾನು ಹರಕೆ ಹೊತ್ತುಕೊಳ್ಳುವುದೊಂದು ಬಾಕಿ ಇತ್ತು.

ಆದರೆ ಆ ಮಾತು ಕಿವಿಗೆ ಬಿದ್ದ ತಕ್ಷಣ ಮೈಯೆಲ್ಲ ಉರಿದುಹೋಯಿತು. "ಯಾಕೆ, ಈ ಮನೇಲಿ ಟಿವಿ ಇಲ್ವಾ? ಅಥವಾ ಇವರು ಇಲ್ವಾ?" ಅಂದೆ. ಇಬ್ಬರೂ ತಬ್ಬಿಬ್ಬಾದರು. "ಇಲ್ಲೇ ಬರಬೇಕು. ಬೇರೆ ಮಾತಿಲ್ಲ" ಅಂದು ಒಳಗೆ ಬಂದೆ. ಯಾಕೆ ಹಾಗಂದೆನೋ ನನಗೇ ಗೊತ್ತಿಲ್ಲ.

ಆಗಸ್ಟಿನಲ್ಲಿ, ಗೌರಿ ಹಬ್ಬಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ, ಇವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲಿನಲ್ಲಿ ಶಕ್ತಿಯಿಲ್ಲ. ಮಾತು ಹೋಗಿದೆ. "ಅದು" ಅನ್ನುವ ಒಂದು ಶಬ್ದ ಉಳಿದಿದೆ. ನೀರು ಬೇಕಾದರೂ ಅದು, ಸಿಟ್ಟು ಬಂದರೂ ಅದು. ಹಿಂದೆ ರೆಫರಿಯನ್ನು ಬೈಯುವುದಕ್ಕೆ ನಿಂತರೆ ಮುಂದಿನ ಕ್ರಾಸಿನವರೆಗೆ ಕೇಳಿಸುತ್ತಿತ್ತು, ಅಂಥ ಗಂಟಲು. ನಾವಾಡುವ ಮಾತೆಲ್ಲ ಇವರಿಗೆ ಅರ್ಥವಾಗುತ್ತದೆ. ಅದೇ ನನಗೆ ಹೆಚ್ಚಿನ ಸಂಕಟ.

ನವೆಂಬರ್ 22, ಮಂಗಳವಾರ

ಮೂರೂವರೆಗೆ ಪಂದ್ಯ. ಇಬ್ಬರೂ ಅರ್ಧ ಗಂಟೆ ಮೊದಲೇ ಬಂದು ಸೋಫಾದ ತುದಿಯಲ್ಲಿ ಕೂತರು. ಒಂದು ಕೂಗಿಲ್ಲ, ಒಂದು ಚಪ್ಪಾಳೆಯಿಲ್ಲ. ಅರ್ಜೆಂಟೀನಾದವರು ಗೋಲು ಹೊಡೆದಾಗಲೂ ಅನಂತರಾಜು "ಚೆನ್ನಾಗೈತೆ" ಅಂತ ಪಿಸುಗುಟ್ಟಿದರು. ಸಾವಿನ ಮನೆಗೆ ಬಂದವರು ಹಾಗೆ ಕೂರುತ್ತಾರೆ. ನನಗೆ ಸಹಿಸಲಿಕ್ಕಾಗಲಿಲ್ಲ.

ಆಮೇಲೆ ಮೂರು ಸಲ ಚೆಂಡು ಬಲೆಗೆ ಬಿತ್ತು, ಮೂರು ಸಲವೂ ಕೊಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಾರದೆ, "ಹೊಡೆದ್ನಲ್ಲ, ಕೊಡೋಕೇನು ಧಾಡಿ ಅವನಿಗೆ?" ಅಂದೆ.

"ಆಫ್‌ಸೈಡು ಭಾಬಿ" ಅಂದರು ಗಯಾಸ್. ಬಿಡಿಸಿ ಹೇಳಿದರು. ಚೆಂಡು ಬರುವುದಕ್ಕೆ ಮೊದಲೇ ಇವನು ಹೋಗಿ ಎದುರಾಳಿಯ ಕೊನೆಯ ಆಟಗಾರನ ಹಿಂದೆ ನಿಂತುಕೊಂಡಿರಬಾರದಂತೆ.

"ಅಷ್ಟೇನಾ? ಮದುವೆ ಛತ್ರದಲ್ಲಿ ನಮಗಿನ್ನೂ ಪಾಯಸ ಬಂದಿರಲ್ಲ, ಮುಂದಿನ ಪಂಕ್ತಿಯವರು ಬಂದು ಕುರ್ಚಿ ಹಿಂದೆ ನಿಂತಿರ್ತಾರಲ್ಲ, ಅದೇ ತಾನೆ?"

ಮೂವರೂ ನನ್ನ ಕಡೆ ತಿರುಗಿದರು. ಆಮೇಲೆ ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು, ಗಯಾಸ್ ಕಣ್ಣೊರೆಸಿಕೊಂಡರು. ಇವರೂ ಕುಲುಕಿ ಕುಲುಕಿ ನಕ್ಕು ಎಡಗೈಯಲ್ಲಿದ್ದ ಕಾಫಿಯನ್ನೆಲ್ಲ ಶರ್ಟಿನ ಮೇಲೆ ಚೆಲ್ಲಿಕೊಂಡರು. ಮಗಳು ಮಹತಿ ತಂದುಕೊಟ್ಟ ಹೊಸ ಶರ್ಟು. ನೆನೆಸಿಟ್ಟಿದ್ದೇನೆ, ಕಲೆ ಹೋಗುತ್ತದೆ ಅನ್ನುವ ನಂಬಿಕೆ ಇಲ್ಲ.

ಅಂದಹಾಗೆ ಅರ್ಜೆಂಟೀನಾ ಸೋತಿತು. ಸೌದಿಯವರು ಗೆದ್ದರು.

ನವೆಂಬರ್ 24, ಗುರುವಾರ

ಫಿಸಿಯೋಥೆರಪಿಗೆ ಬರುವ ಮಂಜುಶ್ರೀ ಇವತ್ತೂ ಬಂದ ದಾರಿಗೆ ಸುಂಕವಿಲ್ಲದೆ ಹೋದಳು. ಇವರು ಕೈ ಎತ್ತುವುದಿಲ್ಲ, ಕಾಲು ಊರುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ.

"ಆಂಟಿ, ನಾನು ಎಷ್ಟು ಎಳೆದಾಡಿದ್ರೂ ಅಂಕಲ್ ಮನಸ್ಸು ಮಾಡ್ಬೇಕು. ಮೊದಲ ಆರು ತಿಂಗಳು ತುಂಬ ಮುಖ್ಯ, ಈಗ್ಲೇ ಅರ್ಧ ಕಳೆದುಹೋಯ್ತು" ಅಂದಳು. ಒಳ್ಳೆಯ ಹುಡುಗಿ. ಸುಳ್ಳು ಸಮಾಧಾನ ಹೇಳುವುದಿಲ್ಲ.

ನನಗೆ ಬೇರೇನೂ ಬೇಡ. ಇವರು ಮನಸ್ಸು ಮಾಡಿದರೆ ಸಾಕು.

ನವೆಂಬರ್ 27, ಭಾನುವಾರ

ಇವತ್ತು ನಡೆದದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಇಲ್ಲಿ ಬರೆಯುತ್ತೇನೆ.

ಈ ಮೂವರದ್ದೊಂದು ಪದ್ಧತಿ ಇದೆ. ಫೈನಲ್ ಮುಗಿದ ಮಾರನೇ ದಿನ ನಮ್ಮ ಹಾಲಿನಲ್ಲಿ ಸೇರಿ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು. ಅವನ ವಯಸ್ಸು ಇಪ್ಪತ್ತಮೂರು ದಾಟಿರಬಾರದು. ಮುಂದಿನ ನಾಲ್ಕು ವರ್ಷ ಅವನು "ನನ್ನ ಹುಡುಗ". ಅವನು ಆಡಿದರೆ ಇವರಿಗೆ ಹಬ್ಬ, ಅವನ ಮೊಣಕಾಲು ಉಳುಕಿದರೆ ಇವರು ಊಟ ಬಿಡುತ್ತಾರೆ. ಮುಂದಿನ ವರ್ಲ್ಡ್ ಕಪ್ಪಿಗೆ ಯಾರ ಹುಡುಗ ಹಿಂದೆ ಬಿದ್ದನೋ ಅವರು ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು.

ಎಂಬತ್ತಾರರಿಂದ ಇವತ್ತಿನವರೆಗೆ ಬಿರಿಯಾನಿ ಕೊಡಿಸಿದವರು ನಮ್ಮ ಮನೆಯವರೊಬ್ಬರೇ. ಎಲ್ಲರ ಕಣ್ಣಿಗೂ ಬಿದ್ದ ಹುಡುಗನನ್ನು ಇವರು ಆರಿಸುವುದಿಲ್ಲ. ಮೂಲೆಯಲ್ಲಿ ಬೆಂಚಿನ ಮೇಲೆ ಕೂತವನೇ ಆಗಬೇಕು. ಒಬ್ಬನಿಗೆ ಕಾಲು ಮುರಿಯಿತು, ಇನ್ನೊಬ್ಬ ಎಲ್ಲಿ ಹೋದನೋ ಪತ್ತೆಯಿಲ್ಲ. ಕಳೆದ ಸಲದ ಹುಡುಗನಂತೂ ಈ ಸಲ ಅವನ ದೇಶದ ತಂಡದಲ್ಲೇ ಇಲ್ಲ. ನಾನು ಬೈದರೆ "ಸುಮ್ನಿರೆ ಪುಟ್ಟಿ, ಅವನಲ್ಲಿ ಏನೋ ಇದೆ" ಅನ್ನುತ್ತಿದ್ದರು. ಪುಟ್ಟಿ ಅಂತ ಕರೆದು ಮೂರು ತಿಂಗಳಾಯಿತು.

ಇವತ್ತು ಬೆಲ್ಜಿಯಂ ಮೊರಾಕ್ಕೋ ಪಂದ್ಯ ಮುಗಿದ ಮೇಲೆ ಇಬ್ಬರೂ ಹೊರಗೆ ಜಗುಲಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನು ಇವರಿಗೆ ಮಾತ್ರೆ ಕೊಡುತ್ತಿದ್ದೆ. ಕಿಟಕಿ ತೆರೆದಿತ್ತು.

"ಈ ಸಲ ಉಡುಗ್ರುನ್ನ ಆರಿಸೋದು ಬ್ಯಾಡ ಗಯಾಸು" ಅಂದರು ಅನಂತರಾಜು. "ಇಪ್ಪತ್ತಾರಕ್ಕೆ ನಿನ್ನ ಉಡುಗ ಯಾರು ಅಂತ ಸೇತುನ ಎಂಗೆ ಕೇಳಾದು? ಇಪ್ಪತ್ತಾರರ ಕಪ್ಪಿಗೆ ಅವ್ನು ಇರ್ಬೇಕಲ್ಲ. ಬಿರಿಯಾನೀನೂ ನಾನೇ ತತ್ತೀನಿ, ಸುಮ್ಕೆ ಮುಗಿಸ್ಬಿಡಾಣ."

ಗಯಾಸ್ ಗೇಟಿನ ಚಿಲಕ ತೆಗೆದ ಸದ್ದಾಯಿತು.

ನಾನು ತಿರುಗಿ ನೋಡಿದೆ. ಇವರು ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಕೇಳಿಸಿದೆ. ಪೂರ್ತಿ ಕೇಳಿಸಿದೆ.

ಅನಂತರಾಜು ಕೆಟ್ಟವರಲ್ಲ, ಅದು ನನಗೂ ಗೊತ್ತು. ತೊಂಬತ್ತರಲ್ಲಿ ಪಂದ್ಯದ ಹೊತ್ತಿಗೆ ಸರಿಯಾಗಿ ಕರೆಂಟು ಹೋದಾಗ ಇವರನ್ನೂ ಗಯಾಸ್‌ರನ್ನೂ ನನ್ನನ್ನೂ ಕೋಗಿಲಿಗೆ ಕರೆದುಕೊಂಡು ಹೋಗಿ, ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಸಣ್ಣ ಟಿವಿ ಸಿಕ್ಕಿಸಿ ಪಂದ್ಯ ತೋರಿಸಿದ ಮನುಷ್ಯ. ಅವರ ತಾಯಿ ರಾಮಲಕ್ಷ್ಮಮ್ಮ ನನಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದ್ದರು. ಈಗ ಆ ತೋಟದ ಜಾಗದಲ್ಲಿ ಅನಂತರಾಜು ಅವರದೇ ಅಪಾರ್ಟ್‌ಮೆಂಟು ನಿಂತಿದೆ, ಅವತ್ತಿನ ದ್ರಾಕ್ಷಿಯ ವಾಸನೆ ಮಾತ್ರ ನನಗೆ ಇನ್ನೂ ನೆನಪಿದೆ. ಅಷ್ಟು ಹಳೆಯ ಗೆಳೆಯನೇ ಇವರನ್ನು ಲೆಕ್ಕದಿಂದ ತೆಗೆದುಬಿಟ್ಟರಲ್ಲ ಅನ್ನುವುದೇ ನನಗೆ ನೋವು.

ನವೆಂಬರ್ 28

ತಿಂಡಿ ಬೇಡ ಅಂದರು. ಮಧ್ಯಾಹ್ನದ ಊಟವೂ ಬೇಡ. ಮಂಜುಶ್ರೀಯ ಕೈಯನ್ನು ತಳ್ಳಿದರು.

ನವೆಂಬರ್ 30, ಬುಧವಾರ

ಮಹತಿ ಬ್ಯಾಂಕಿಗೆ ರಜ ಹಾಕಿ ಯಲಹಂಕದಿಂದ ಬಂದಿದ್ದಳು. ಅಪ್ಪನ ಸ್ಥಿತಿ ನೋಡಿ ನನ್ನ ಮೇಲೆ ಹರಿಹಾಯ್ದಳು. "ಅಮ್ಮ, ಬಿಪಿ ಇರೋರು, ಆ ಮ್ಯಾಚು ಗಲಾಟೆ ಎಲ್ಲ ಬೇಕಾ? ಆ ಅಂಕಲ್‌ಗಳನ್ನ ಬರಬೇಡಿ ಅನ್ನು. ನೀನೇ ಅಲ್ವಾ ಜೀವಮಾನ ಪೂರ್ತಿ ಅವರನ್ನ ಬೈಕೊಂಡಿದ್ದೋಳು?"

"ಬೈಕೊಂಡಿದ್ದೆ. ಈಗ್ಲೂ ಬೈತೀನಿ. ನನ್ನ ಮನೆ, ನಾನು ಬೈತೀನಿ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಸರಿಯಾಗಿ ಹೇಳಲು ಬರಲಿಲ್ಲ.

ಒಂದು ತೀರ್ಮಾನ ಮಾಡಿದ್ದೇನೆ. ಹುಡುಗರನ್ನು ಆರಿಸುವುದು ನಡೆಯಬೇಕು. ಇವರನ್ನು ಕೇಳಬೇಕು, ಇವರು ಹೇಳಬೇಕು. ಅದಕ್ಕೆ ಯಾರು ಯಾರು ಇದ್ದಾರೆ ಅನ್ನುವುದನ್ನಾದರೂ ನಾನು ನೋಡಿಟ್ಟುಕೊಳ್ಳಬೇಕು. ಇವರಿಗೋಸ್ಕರ ಅಷ್ಟೇ, ನನಗೇನು ಆ ಆಟದಲ್ಲಿ ಆಸಕ್ತಿ ಹುಟ್ಟಿಲ್ಲ.

ಡಿಸೆಂಬರ್ 2, ಶುಕ್ರವಾರ

ಬೆಳಗ್ಗೆಯೇ ಗಯಾಸ್, ಅನಂತರಾಜು ಇಬ್ಬರೂ ಬಂದು ರಾತ್ರಿಯ ಪಂದ್ಯದ ವಿಷಯಕ್ಕೆ ಜಗಳ. ಜಪಾನಿನವನು ಚೆಂಡನ್ನು ಗೆರೆಯ ಆಚೆಯಿಂದ ಎಳೆದು ಒಳಗೆ ಒದ್ದ, ಅದರಿಂದ ಗೋಲಾಯಿತು, ಸ್ಪೇನ್ ಸೋತಿತು. ಆ ಕಡೆ ಅದೇ ಹೊಡೆತಕ್ಕೆ ಜರ್ಮನಿ ಮನೆಗೆ ಹೋಯಿತು. ಚೆಂಡು ಹೊರಗೆ ಹೋಗಿತ್ತು ಅಂತ ಗಯಾಸ್. ಇಲ್ಲ ಅಂತ ಅನಂತರಾಜು.

"ನೋಡಪ್ಪ ಗಯಾಸು, ಪಕ್ಕದ ಸೈಟ್‌ನೋನು ಗೋಡೆ ಅವನ ಜಾಗದಾಗೇ ಕಟ್ಟವ್ನೆ. ಆದ್ರೆ ಸಜ್ಜ ನಮ್ಮ ಮ್ಯಾಲೆ ಬಂದೈತೆ. ಮ್ಯಾಲಿಂದ ನೋಡಿದ್ರೆ ಒಳಗೇ ಐತೆ ಅಂತ ತಾನೆ ಲೆಕ್ಕ? ಚೆಂಡಿನ ಒಟ್ಟೆ ಗೆರೆ ಮ್ಯಾಲೈತೆ. ಇಂಗೆ ನಾನು ಕೋರ್ಟಲ್ಲಿ ಎಷ್ಟು ಸಲ ವಾದ ಮಾಡಿಲ್ಲ!"

"ಕ್ಯಾಮರಾ ಇಟ್ಟು ಕೂದಲು ಸೀಳೋದು ಆಟಾನಾ ಅನಂತು? ನಮ್ಮ ಕಾಲದಲ್ಲಿ ರೆಫರಿ ಸೀಟಿ ಊದ್ದ ಅಂದ್ರೆ ಮುಗೀತು. ತಪ್ಪಿದ್ರೂ ಮನುಷ್ಯನ ತಪ್ಪು" ಅಂದರು ಗಯಾಸ್.

"ಆ ರೆಫರಿನ ಗೇಟ್ ತಂಕ ಓಡಿಸ್ಕೊಂಡು ಓಗಿದ್ದು ಯಾರು, ನೀನೂ ಸೇತುನೂ ಅಲ್ವ?"

ನನ್ನ ಕಣ್ಣು ಬೇರೆ ಕಡೆ ಇತ್ತು. ಜರ್ಮನಿಯ ಪಂದ್ಯವನ್ನು ನಡೆಸಿದವಳು ಒಬ್ಬ ಹೆಂಗಸು! ಹೈಲೈಟ್ಸಿನಲ್ಲಿ ನೋಡಿದೆ. ಗಂಡಸರ ವರ್ಲ್ಡ್ ಕಪ್ಪಿನಲ್ಲಿ ಇದೇ ಮೊದಲಂತೆ. ತಲೆಗೂದಲು ಹಿಂದಕ್ಕೆ ಕಟ್ಟಿ, ಪುಟ್ಟ ಆಳು, ಆರಡಿಯ ಗಂಡಸರ ಮಧ್ಯೆ ಓಡುತ್ತಾಳೆ. ಅವಳು ಸೀಟಿ ಊದಿದರೆ ಅಷ್ಟೂ ಜನ ನಿಲ್ಲಬೇಕು. ಇವರಿಗೆ ಮೈ ಒರೆಸುವಾಗ ಎಲ್ಲ ಹೇಳಿದೆ. "ನೋಡಿ, ನಾನು ನಲವತ್ತು ವರ್ಷ ಕೂಗಿದ್ರೂ ಈ ಮನೇಲಿ ಒಬ್ಬರೂ ನಿಲ್ಲಲಿಲ್ಲ, ನನಗೂ ಒಂದು ಸೀಟಿ ತಂದುಕೊಡಬೇಕಿತ್ತು ನೀವು" ಅಂದೆ. ಸುಮ್ಮನೆ ಕೇಳಿಸಿಕೊಂಡರು. ಅರ್ಧ ಇಡ್ಲಿ ಜಾಸ್ತಿ ತಿಂದರು, ಚಟ್ನಿಗೆ ಉಪ್ಪು ಸರಿಯಾಗಿ ಬಿದ್ದಿತ್ತು ಅಂತ ಕಾಣುತ್ತದೆ.

ಡಿಸೆಂಬರ್ 6, ಮಂಗಳವಾರ

ಸ್ಪೇನ್ ಮೊರಾಕ್ಕೋ. ಸ್ಪೇನಿನ ತಂಡದಲ್ಲಿ ಹದಿನೆಂಟರ ಒಬ್ಬ ಹುಡುಗ ಇದ್ದಾನೆ. ಆಟದ ಮಧ್ಯೆ ಅವನ ಬೂಟಿನ ಲೇಸು ಬಿಚ್ಚಿ ನೇತಾಡುತ್ತದೆ, ಹಾಗೇ ಓಡುತ್ತಾನೆ! ಅವನ ತಾಯಿ ನೋಡುತ್ತಿರುವುದಿಲ್ಲವೆ? ಮುಗ್ಗರಿಸಿ ಬಿದ್ದು ಹಲ್ಲು ಮುರಿದುಕೊಂಡರೆ? ಪಂದ್ಯ ಪೂರ್ತಿ ನನಗೆ ಅದೇ ಚಿಂತೆ. ಆದರೆ ಸಿಕ್ಕಾಪಟ್ಟೆ ಛಲ. ತನಗಿಂತ ಎರಡರಷ್ಟು ಇರುವವರ ಕಾಲಡಿಯಿಂದ ಚೆಂಡು ಕಿತ್ತು ತರುತ್ತಾನೆ.

ಅನಂತರಾಜುಗೆ ಇಂಗ್ಲೆಂಡಿನ ಹತ್ತೊಂಬತ್ತರ ಹುಡುಗನ ಮೇಲೆ ಕಣ್ಣು. "ಅವ್ನು ಇಪ್ಪತ್ತಾರಕ್ಕೆ..." ಅಂತ ಶುರು ಮಾಡಿದವರು ಇವರ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ನನಗೆ ಎದ್ದು ಹೋಗಿ ಕಿವಿ ಹಿಂಡಬೇಕು ಅನ್ನಿಸಿತು. ಗಯಾಸ್‌ಗೆ ಮೊರಾಕ್ಕೋದ ಒಬ್ಬ ಸಣಕಲು ಹುಡುಗ ಹಿಡಿಸಿದ್ದಾನೆ. ಸಣಕಲಾದರೂ ದಣಿಯುವುದಿಲ್ಲ, ಎಲ್ಲಿ ನೋಡಿದರೂ ಅವನೇ ಇರುತ್ತಾನೆ. ಅದು ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಪೆನಾಲ್ಟಿಯಲ್ಲಿ ಸ್ಪೇನ್ ಒಂದನ್ನೂ ಒಳಗೆ ಹಾಕಲಿಲ್ಲ. ಪಾಪ, ಲೇಸಿನ ಹುಡುಗ ಮನೆಗೆ ಹೋದ.

ಡಿಸೆಂಬರ್ 10, ಶನಿವಾರ

ಗಯಾಸ್ ಜೊತೆ ಅವರ ಹೆಂಡತಿ ಕನೀಜ್ ಬಂದಿದ್ದರು. ಇಷ್ಟು ವರ್ಷದಲ್ಲಿ ಅವರು ಪಂದ್ಯ ನೋಡಲು ಬಂದದ್ದು ಇದೇ ಮೊದಲು. ಮೊರಾಕ್ಕೋ ಪೋರ್ಚುಗಲನ್ನು ಸೋಲಿಸಿತು. ಗೆದ್ದ ಮೇಲೆ ಒಬ್ಬ ಆಟಗಾರ ತನ್ನ ತಾಯಿಯನ್ನು ಮೈದಾನಕ್ಕೆ ಕರೆದುಕೊಂಡು ಬಂದು ಅವಳ ಕೈ ಹಿಡಿದು ಕುಣಿದ. ಆಕೆ ನಮ್ಮ ಹಾಗೆ ಸಾಧಾರಣ ಹೆಂಗಸು, ತಲೆಗೆ ಬಟ್ಟೆ, ಮುಖದ ತುಂಬ ನಗು. ಕನೀಜ್ ಅತ್ತರು, ಅವರನ್ನು ನೋಡಿ ನಾನೂ ಅತ್ತೆ. ಗಂಡಸರು ಟಿವಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಹೊರಡುವಾಗ ಕನೀಜ್ ನನ್ನ ಕೈ ಹಿಡಿದು, "ಮೂವತ್ತು ವರ್ಷದಿಂದ ಈ ಮನೆಗೆ ಬಂದು ಏನ್ ಮಾಡ್ತಾರೆ ಇವರು ಅಂತ ಯೋಚ್ನೆ ಮಾಡ್ತಿದ್ದೆ ಅಕ್ಕಾ. ಇದಾ?" ಅಂದರು.

ಇದೇ ಅಂದೆ.

ಡಿಸೆಂಬರ್ 13, ಮಂಗಳವಾರ

ಇವತ್ತು ನನ್ನ ಸಹನೆ ಮುಗಿಯಿತು.

ಬೆಳಗ್ಗೆ ಮಂಜುಶ್ರೀ ಬಂದಾಗ ಇವರು ಮತ್ತೆ ಗೋಡೆಗೆ ತಿರುಗಿದರು. ಅವಳನ್ನು ಹಾಲಿನಲ್ಲಿ ಕೂರಿಸಿ ನಾನು ಇವರ ಮುಂದೆ ಬಂದು ನಿಂತೆ. "ಇನ್ನು ಆರು ದಿನಕ್ಕೆ ನಿಮ್ಮ ಹುಡುಗನನ್ನ ಹೇಳಬೇಕು. ಯಾರು ಅಂತ ಯೋಚ್ನೆ ಮಾಡಿದೀರಾ? ಇಂಗ್ಲೆಂಡಿನವನು ಅನಂತರಾಜು ಪಾಲು, ಸಣಕಲ ಗಯಾಸ್ ಪಾಲು. ಉಳಿದವರಲ್ಲಿ ನೋಡ್ಕೊಳ್ಳಿ" ಅಂದೆ.

ಇವರು ಎಡಗೈಯ ನಾಲ್ಕು ಬೆರಳು ಎತ್ತಿ ತೋರಿಸಿದರು. ನಾಲ್ಕು ವರ್ಷ. ಆಮೇಲೆ ಅದೇ ಕೈಯನ್ನು ಗಾಳಿಯಲ್ಲಿ ಆಡಿಸಿಬಿಟ್ಟರು. ತಾನಿರುವುದಿಲ್ಲ ಅಂತ. "ಅದು" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಇರಲ್ಲ ಅನ್ನೋಕೆ ನೀವ್ಯಾರ್ರೀ? ಸೀಟಿ ಏನು ನಿಮ್ಮ ಕೈಲಿದ್ಯಾ? ಆಟದಲ್ಲಿ ಇರೋನು ಆಡ್ಬೇಕು, ಯಾವಾಗ ಮುಗೀತು ಅಂತ ಅವನು ಹೇಳೋ ಹಾಗಿಲ್ಲ! ಅನಂತರಾಜು ನಿಮ್ಮನ್ನ ಕೇಳಬಾರದು ಅಂದ್ರು, ನೀವೂ ಅವರ ಜೊತೆ ಸೇರ್ಕೊಂಡು ನನ್ನ ಒಬ್ಬಳನ್ನೇ ಬಿಟ್ಟು ಹೋಗೋಕೆ ತಯಾರಾಗಿಬಿಟ್ರಾ? ನನಗೆ ಯಾರಿದಾರೆ?" ಅಂತ ಕೂಗಿದೆ. ಮಂಜುಶ್ರೀಗೆ ಎಲ್ಲ ಕೇಳಿಸಿರಬೇಕು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನನಗೆ ಭಯ. ನಿಜವಾಗಿ ಭಯ. ಇವರಿಲ್ಲದ ಈ ಹಾಲಿನಲ್ಲಿ ನಾನು ಹೇಗೆ ಕೂರಲಿ?

ಹೊರಗೆ ಬಂದಾಗ ಮಂಜುಶ್ರೀ ಇವರ ಕಾಲು ನೀವುತ್ತಿದ್ದಳು. ನಾನು ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದೆ.

ಡಿಸೆಂಬರ್ 15, ಗುರುವಾರ

ಅನ್ಯಾಯ, ಅನ್ಯಾಯ! ಫ್ರಾನ್ಸ್ ಮೊರಾಕ್ಕೋ ಹೈಲೈಟ್ಸ್ ನೋಡಿದೆ. ಪೆನಾಲ್ಟಿ ಬಾಕ್ಸಿನೊಳಗೆ ಮೊರಾಕ್ಕೋದವನನ್ನು ಬೀಳಿಸಿದರು. ರೆಫರಿ ಪೆನಾಲ್ಟಿ ಕೊಡುವುದಿರಲಿ, ಬಿದ್ದವನಿಗೇ ಹಳದಿ ಕಾರ್ಡ್ ತೋರಿಸಿದ! ಅಷ್ಟು ಕ್ಯಾಮರಾ ಇಟ್ಟುಕೊಂಡು ಅವರಿಗೆ ಇದು ಕಾಣಿಸಲಿಲ್ಲವಂತೆ. ಆ ಹೆಂಗಸನ್ನು ಕರೆದಿದ್ದರೆ ಸರಿಯಾಗಿ ಊದುತ್ತಿದ್ದಳು. ಗಯಾಸ್‌ಗೆ ಫೋನ್ ಮಾಡಿ ಇಷ್ಟುದ್ದ ಮಾತಾಡಿದೆ. "ಭಾಬಿ, ನೀವು ಥೇಟ್ ಸೇತು ಥರ ಬೈತೀರ" ಅಂದರು. ಸುಮ್ಮನೆ ಏನಾದರೊಂದು ಹೇಳುತ್ತಾರೆ.

ಮಂಜುಶ್ರೀ ಮಾಮೂಲಿಗಿಂತ ತುಂಬ ಹೊತ್ತು ಇದ್ದಳು. ಹೋಗುವಾಗ ನಗುತ್ತಾ ಏನೋ ಹೇಳಿದಳು, ನಾನು ಫೋನಿನಲ್ಲಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನಾಳೆ ಕೇಳಬೇಕು.

ಡಿಸೆಂಬರ್ 18, ಭಾನುವಾರ

ಫೈನಲ್. ಹೆಚ್ಚು ಬರೆಯಲಾರೆ. ಮುಗಿಯಿತು ಅಂದುಕೊಂಡರೆ ಮತ್ತೆ ಶುರು, ಮತ್ತೆ ಮುಗಿಯಿತು ಅಂದುಕೊಂಡರೆ ಮತ್ತೆ ಶುರು. ಮೂರು ಮೂರು ಸಮ. ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ. ನನ್ನ ಗಂಟಲು ಕಟ್ಟಿದೆ, ಚಳಿಗೆ ಇರಬೇಕು. ನಾಳೆ ಉಪ್ಪುನೀರು ಮುಕ್ಕಳಿಸಬೇಕು.

ಡಿಸೆಂಬರ್ 19, ಸೋಮವಾರ

ಸಂಜೆ ಐದಕ್ಕೆ ಅನಂತರಾಜು ದೊಡ್ಡ ಕ್ಯಾರಿಯರಿನಲ್ಲಿ ಬಿರಿಯಾನಿ, ನನಗೆ ಬೇರೆಯಾಗಿ ಮಾಂಸವಿಲ್ಲದ ಕುಷ್ಕ ತಂದರು. ಗಯಾಸ್ ಜೊತೆಗಿದ್ದರು. ಅನಂತರಾಜು ಎಲ್ಲರಿಗೂ ತಟ್ಟೆ ಇಟ್ಟು, "ಬನ್ನಿ, ಬಿಸಿ ಆರೋಗ್ತದೆ" ಅಂದರು. ಏನೂ ಇಲ್ಲದ ಹಾಗೆ, ಯಾರದೋ ನಾಮಕರಣದ ಊಟದ ಹಾಗೆ.

"ಇದನ್ನ ನೀವ್ಯಾಕೆ ತಂದ್ರಿ?" ಅಂದೆ. "ಸೋತೋರು ಇವರು. ಇವರ ಹುಡುಗ ತಂಡದಲ್ಲೇ ಇರಲಿಲ್ಲ. ಪದ್ಧತಿ ಪ್ರಕಾರ ಇವರೇ ಕೊಡಿಸ್ಬೇಕು."

"ಓಗ್ಲಿ ಬಿಡಿ ಅತ್ತಿಗೆ, ಈ ಸಲಕ್ಕೆ..."

"ಈ ಸಲಕ್ಕೇನಾಗಿದೆ?"

ಅನಂತರಾಜು ಇಟ್ಟ ತಟ್ಟೆಗಳನ್ನೇ ಮತ್ತೆ ಸರಿಸಿ ಇಟ್ಟರು. ಇವರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಬಿರಿಯಾನಿಯ ಕ್ಯಾರಿಯರನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. "ಹುಡುಗರನ್ನ ಆರಿಸೋವರೆಗೂ ಯಾರಿಗೂ ಒಂದು ಅಗುಳೂ ಇಲ್ಲ. ಶುರು ಮಾಡಿ."

ಗಯಾಸ್ ಅನಂತರಾಜು ಕಡೆ ನೋಡಿದರು, ಅನಂತರಾಜು ಫ್ಯಾನಿನ ಕಡೆ ನೋಡಿದರು. ಕೊನೆಗೆ ಗಯಾಸ್ ಗಂಟಲು ಸರಿಮಾಡಿಕೊಂಡು, "ನಂದು ಮೊರಾಕ್ಕೋ. ಆ ಸಣಕಲ" ಅಂದರು. ಅನಂತರಾಜು ತಗ್ಗಿದ ದನಿಯಲ್ಲಿ ಇಂಗ್ಲೆಂಡಿನ ಹುಡುಗನ ಹೆಸರು ಹೇಳಿದರು.

"ನಂದು ಸ್ಪೇನು. ಲೇಸು ಕಟ್ಟದೋನು" ಅಂದೆ.

"ಭಾಬಿ, ನೀವೂ ಇದ್ದೀರಾ?" ಅಂದರು ಗಯಾಸ್.

"ಯಾಕೆ, ಇರಬಾರದಾ? ಅವನಿಗೆ ಇನ್ನೂ ಹದಿನೆಂಟು. ನಾಲ್ಕು ವರ್ಷದಲ್ಲಿ ಲೇಸು ಕಟ್ಟೋದು ಕಲೀತಾನೆ" ಅಂದೆ. ಆಮೇಲೆ ಇವರ ಕಡೆ ತಿರುಗಿದೆ. "ಈಗ ನೀವು. ಇಪ್ಪತ್ತಾರಕ್ಕೆ ನಿಮ್ಮ ಹುಡುಗ ಯಾರು?"

ಇವರು ಎತ್ತಿದ ತಲೆಯನ್ನು ಮತ್ತೆ ತಗ್ಗಿಸಿದರು. ಅನಂತರಾಜು ಕಣ್ಣು ತುಂಬಿಕೊಂಡು, "ಬ್ಯಾಡ ಅತ್ತಿಗೆ, ಯಾಕೆ ಅವನ್ನ ನೋಯಿಸ್ತೀರ" ಅಂದರು. ನಾನು ಜಗ್ಗಲಿಲ್ಲ. ಕಾದೆ.

ಇವರ ಎಡಗೈ ಮೇಲೆದ್ದಿತು. ಐದು ಬೆರಳು. ಮುಚ್ಚಿತು. ಮತ್ತೆ ತೆರೆಯಿತು, ಮೂರು ಬೆರಳು.

"ಎಂಟಾ?" ಅಂದರು ಗಯಾಸ್. ಇವರು ತಲೆಯಾಡಿಸಿದರು. "ಎಂಟನೇ ನಂಬರು? ಯಾವ ದೇಶ? ಅರ್ಜೆಂಟೀನಾ?" ಅಲ್ಲ. "ಬ್ರೆಜಿಲ್?" ಅಲ್ಲ. "ಫ್ರಾನ್ಸ್?"

"ಅದು!" ಅಂದರು ಇವರು. ಕೈಯನ್ನು ಕಾಲಿನ ಹಾಗೆ ಬೀಸಿ, ಚೆಂಡು ಕಂಬದ ಆಚೆ ಹೋದದ್ದನ್ನು ತೋರಿಸಿದರು.

ನಿನ್ನೆ ಪೆನಾಲ್ಟಿಯನ್ನು ಗೋಲಿನಿಂದ ಹೊರಗೆ ಒದ್ದು, ಮುಖ ಮುಚ್ಚಿಕೊಂಡು ನಿಂತಿದ್ದನಲ್ಲ, ಅವನು!

ಅನಂತರಾಜು ಸೋಫಾದಿಂದ ನೆಗೆದು ಎದ್ದರು. ಆಗಸ್ಟಿನಿಂದ ಇವರ ಮುಂದೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದ ಮನುಷ್ಯ ಮನೆ ಹಾರಿಹೋಗುವ ಹಾಗೆ ಕೂಗಿದರು. "ಲೇ ಸೇತು, ತಲೆ ಗಿಲೆ ಕೆಟ್ಟೈತೇನೋ ನಿಂಗೆ? ಫೈನಲ್ಲಲ್ಲಿ ಆಚೆಗೆ ಒದ್ದೋನ್ನ ಆರಿಸ್ಕೊಂತೀಯಲ್ಲೋ! ಪ್ರಪಂಚದಾಗೆ ಇನ್ಯಾರೂ ಸಿಕ್ಕಲಿಲ್ವಾ? ಅವನ ದೇಶದೋರೇ ಅವನ್ನ ಮನೇಗ್ ಕಳಿಸ್ತಾರೆ!"

"ಇಲ್ಲ ಅನಂತು, ಇಪ್ಪತ್ತೆರಡು ವರ್ಷದ ಹುಡುಗ, ಎದ್ದು ನಿಂತ್ಕೋತಾನೆ" ಅಂದರು ಗಯಾಸ್.

"ನಿಂತ್ಕೊಳ್ಳೋಕೆ ಅವನಿಗೆ ಯಾರು ಬಿಡ್ತಾರೆ?" ಅಂದೆ ನಾನು. ಇವರ ಆಯ್ಕೆ ನನಗೆ ಒಂಚೂರೂ ಒಪ್ಪಿಗೆಯಾಗಲಿಲ್ಲ. ಅಷ್ಟು ಜನ ಚೆನ್ನಾಗಿ ಆಡಿದ ಹುಡುಗರಿದ್ದರು, ಒಂದು ತಿಂಗಳು ಕೂತು ನೋಡಿ ಒಬ್ಬೊಬ್ಬರ ಗುಣ ಹೇಳಿದ್ದೆ, ಕಿವಿಗೆ ಹಾಕಿಕೊಳ್ಳಲೇ ಇಲ್ಲ. "ಹೋಗಿ ಹೋಗಿ ಅವನನ್ನ ಹಿಡಿದ್ರಲ್ಲ! ನಿಮ್ಮ ಹಣೆಬರಹ. ಇಪ್ಪತ್ತಾರರಲ್ಲೂ ನೀವೇ ಸೋಲೋದು. ನಮ್ಮೆಲ್ಲರಿಗೂ ನೀವೇ ಬಿರಿಯಾನಿ ಕೊಡಿಸ್ಬೇಕಾಗತ್ತೆ, ನೋಡ್ತಿರಿ!"

ಇವರು ನನ್ನನ್ನು ನೋಡಿದರು. ಆಮೇಲೆ ಅನಂತರಾಜುವನ್ನು, ಗಯಾಸ್‌ರನ್ನು. ತುಟಿ ಅದುರಿತು. ಗಂಟಲಿನ ನರ ಉಬ್ಬಿತು. "ಕೊ..." ಅಂದರು. ನಾವು ಮೂವರೂ ಇವರ ಬಾಯಿಯನ್ನೇ ನೋಡಿದೆವು. ಮತ್ತೆ "ಕೊ..." ಅಂದರು, ಬೆವರಿದರು, ಎಡಗೈಯಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಕೊಡಿಸ್ತೀನಿ" ಅಂದರು.